ಓದುವ ಮಕ್ಕಳ ಕುತ್ತಿಗೆ ನೋವು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ವೈದ್ಯಕೀಯವನ್ನೋ ನರ್ಸಿಂಗನ್ನೋ ಓದಲು ವಿಜಯಪುರಕ್ಕೆ ಹೋದ ನಿಮ್ಮ ಮಗನೋ ಮಗಳೋ ‘ಕುತ್ತಿಗಿ ನೋಯತೈತಿ, ಟೊಂಕ ಹಿಡದೈತಿ’ ಎಂದರೆ ಅದನ್ನು ಓದು ತಪ್ಪಿಸುವ ನೆಪವೆಂದು ತಳ್ಳಿಹಾಕಬೇಡಿ.

ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗೆ ಕುಳಿತಾಗ ಬೆನ್ನುಮೂಳೆ ಅದನ್ನು ಸುಲಭವಾಗಿ ಹೊರುತ್ತದೆ. ಪುಸ್ತಕ ಅಥವಾ ಮೊಬೈಲಿನ ಮೇಲೆ ಬಗ್ಗಿದಷ್ಟೂ ಆ ಭಾರ ಕುತ್ತಿಗೆಯ ಸ್ನಾಯುಗಳ ಮೇಲೆ ಬಿದ್ದು, ಅವು ದಣಿದು ನೋಯುತ್ತವೆ. ವಾರ್ಡಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು, ರೋಗಿಯನ್ನು ಬಗ್ಗಿ ಎತ್ತುವುದು ಸೊಂಟ ನೋವಿಗೆ ಕಾರಣ.

ಪರೀಕ್ಷೆಯ ಭಯವೂ ಇದಕ್ಕೆ ಸೇರುತ್ತದೆ. ಚಿಂತೆಯಲ್ಲಿರುವವರ ಹೆಗಲಿನ ಸ್ನಾಯುಗಳು ಅರಿವಿಲ್ಲದೆ ಬಿಗಿದುಕೊಳ್ಳುತ್ತವೆ. ನೋವು ನಿದ್ದೆ ಕೆಡಿಸುತ್ತದೆ. ನಿದ್ದೆಗೆಟ್ಟರೆ ನೋವೂ ಚಿಂತೆಯೂ ಹೆಚ್ಚುತ್ತವೆ. ಆದ್ದರಿಂದ ನೋವಿನ ಮಾತ್ರೆಯೊಂದೇ ಪರಿಹಾರವಲ್ಲ. ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗಿದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು.

ಪುಸ್ತಕವನ್ನು ಎತ್ತರಕ್ಕಿಟ್ಟು ಓದಲಿ. ಅರ್ಧ ಗಂಟೆಗೊಮ್ಮೆ ಎದ್ದು ನಡೆದಾಡಲಿ. ರಾತ್ರಿ 7 ಗಂಟೆಯಾದರೂ ಮಲಗಲಿ. ರೋಗಿಯನ್ನು ಒಬ್ಬರೇ ಎತ್ತುವುದು ಬೇಡ. ಕೈಕಾಲು ಜೋಮು ಹಿಡಿದರೆ, ಶಕ್ತಿ ಕುಂದಿದರೆ, ನೋವಿನೊಡನೆ ಜ್ವರ ಬಂದರೆ, ಮೂತ್ರ ಕಟ್ಟಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮನಸ್ಸು ಕುಗ್ಗಿದ್ದರೆ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸರಕಾರಿ ‘ಟೆಲಿ ಮಾನಸ್’ ಸೇವೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಔಷಧ ನಿಮ್ಮ ಬಳಿಯೇ ಇದೆ. ಫೋನ್ ಮಾಡಿದಾಗ ಮೊದಲು ಅಂಕ ಎಷ್ಟೆಂದು ಕೇಳಬೇಡಿ. ‘ಊಟ ಆತೇನು, ನಿದ್ದಿ ಬಂತೇನು’ ಎಂದು ಕೇಳಿ.