ಪ್ರಾಮಾಣಿಕತೆಗೆ ಅಳತೆಗೋಲು ಉಂಟೇ?

ಒಬ್ಬರು ಪ್ರಾಮಾಣಿಕರೋ ಅಲ್ಲವೋ ಎಂಬುದು ಎತ್ತರ, ತೂಕದ ಹಾಗೆ ಅಳೆದು ಹೇಳಬಹುದಾದ ವಿಷಯವೇ, ಇಲ್ಲ ನೋಡುವವರ ಅಭಿಪ್ರಾಯವೇ? ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ತತ್ತ್ವಶಾಸ್ತ್ರದ ಉತ್ತರ ಬೇರೆ ಇದ್ದೀತು. ಅಳೆಯಲು ಹೊರಟವರು ಏನು ಕಂಡರು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಅಮೆರಿಕದ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ 1920ರ ದಶಕದಲ್ಲಿ ಸುಮಾರು 11,000 ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಅವರ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಹಾಳೆಯ ಮೇಲೆ ಚಿಕ್ಕ ದೊಡ್ಡ ವೃತ್ತಗಳು. ಅವು ಎಲ್ಲೆಲ್ಲಿವೆ ಎಂದು ನೋಡಿಕೊಂಡು, ಕಣ್ಣು ಮುಚ್ಚಿ ಒಂದೊಂದರೊಳಗೂ ಪೆನ್ಸಿಲಿನಿಂದ ಗುರುತು ಹಾಕಬೇಕು. ನಿಜವಾಗಿಯೂ ಕಣ್ಣು ಮುಚ್ಚಿದವರಿಗೆ ಕೆಲವು ತಪ್ಪಿಯೇ ತಪ್ಪುತ್ತವೆ. ಎಲ್ಲವೂ ಸರಿಯಾಗಿ ಬಿದ್ದಿದ್ದರೆ ಮಗು ಇಣುಕಿದೆ ಎಂದೇ ಅರ್ಥ. ಯಾರೂ ಕಾವಲು ಕೂರಬೇಕಿಲ್ಲ, ಹಾಳೆಯೇ ಸಾಕ್ಷಿ.

1928ರಲ್ಲಿ ಪ್ರಕಟವಾದ ಫಲಿತಾಂಶ ಶಿಕ್ಷಕರನ್ನು ಕಂಗೆಡಿಸುವಂಥದ್ದು. ಪಾಠದಲ್ಲಿ ಉತ್ತರ ತಿದ್ದಿಕೊಂಡ ಹುಡುಗ ಆಟದಲ್ಲೂ ಮೋಸ ಮಾಡುತ್ತಾನೆ ಎಂದು ಹೇಳುವಂತಿರಲಿಲ್ಲ. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಂಟು ತೀರಾ ಸಡಿಲ. ‘ಇವನು ಒಳ್ಳೆಯ ಹುಡುಗ’ ಎಂಬ ಒಂದೇ ಮಾತಿನಲ್ಲಿ ಮುಗಿಯುವ ವಿಷಯ ಅದಲ್ಲ ಎಂದಾಯಿತು.

ವೃತ್ತದ ಹಿಂದಿದ್ದ ಉಪಾಯಕ್ಕೆ ಇಂದಿನ ರೂಪ ದಾಳ. ಉರ್ಸ್ ಫಿಶ್‌ಬಾಕರ್ ಮತ್ತು ಫ್ರಾನ್ಸಿಸ್ಕಾ ಫಾಲ್ಮಿ-ಹೊಯ್ಸಿ ಜ್ಯೂರಿಕ್‌ನ ವಿದ್ಯಾರ್ಥಿಗಳಿಗೆ ಮರೆಯಲ್ಲಿ ದಾಳ ಉರುಳಿಸಿ, ಬಿದ್ದ ಸಂಖ್ಯೆಯನ್ನು ತಾವೇ ಬರೆಯಲು ಹೇಳಿದರು. ಬರೆದ ಸಂಖ್ಯೆಯಷ್ಟು ಫ್ರಾಂಕ್ ಕೈಗೆ. ಆರು ಎಂದರೆ ಮಾತ್ರ ಸೊನ್ನೆ. ಎಲ್ಲರೂ ನಿಜ ಹೇಳಿದರೆ ಪ್ರತಿ ಸಂಖ್ಯೆಯೂ ಸುಮಾರು ಶೇ. 17ರಷ್ಟು ಬರಬೇಕು. 2013ರ ಅವರ ವರದಿಯಲ್ಲಿ ಐದು ಶೇ. 35ರಷ್ಟು, ಆರು ಶೇ. 6ರ ಆಸುಪಾಸು. ನಾಲ್ಕು ಕೂಡ ಶೇ. 27! ಹೇಗೂ ಯಾರಿಗೂ ಗೊತ್ತಾಗದು ಎಂದಮೇಲೆ ಸುಳ್ಳುಗಾರ ಐದನ್ನೇ ಬರೆಯಬಹುದಿತ್ತಲ್ಲ, ನಾಲ್ಕಕ್ಕೆ ನಿಂತದ್ದೇಕೆ? ಅತಿಯಾಸೆ ತೋರಿಸಿಕೊಳ್ಳದೆ ಮರ್ಯಾದಸ್ಥರಾಗಿ ಕಾಣಬೇಕೆಂಬ ಹಂಬಲ ಸುಳ್ಳಿನೊಳಗೂ ಉಳಿದಿರುತ್ತದೆ. ಸುಮಾರು ಶೇ. 39 ಮಂದಿ ಪೂರ್ತಿ ನಿಜ ಹೇಳಿದವರು, ಶೇ. 20 ಮಂದಿ ಸಾಧ್ಯವಾದಷ್ಟೂ ಸುಳ್ಳು ಹೇಳಿದವರು ಎಂದು ಲೆಕ್ಕ ಬಂತು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು. ಇಲ್ಲಿ ಆ ಲೆಕ್ಕ ತಲೆಕೆಳಗು. ಪಾತ್ರೆಯಲ್ಲಿ ಎಷ್ಟು ಪಾಲು ಬೆಂದಿದೆ ಎಂದು ಹೇಳಬಹುದು, ಬೆರಳಿಗೆ ಸಿಕ್ಕ ಅಗುಳು ಬೆಂದದ್ದೋ ಅಲ್ಲವೋ ಹೇಳಲಾಗದು. ಐದು ಬರೆದವನಿಗೆ ನಿಜವಾಗಿ ಐದೇ ಬಿದ್ದಿರಬಹುದು. ಅವನ ಮೇಲೆ ಯಾವ ಆರೋಪವೂ ನಿಲ್ಲುವುದಿಲ್ಲ. ಆದರೆ ಗುಂಪಿನಲ್ಲಿ ಸುಳ್ಳು ನಡೆದಿದೆ ಎಂಬುದು ಯಾರ ಅಭಿಪ್ರಾಯವೂ ಅಲ್ಲ, ಗಣಿತದ ಸತ್ಯ.

ದಾಳವನ್ನು ಮತ್ತೆ ಮತ್ತೆ ಉರುಳಿಸಿದರೆ ಅಗುಳಿನ ಬಗ್ಗೆಯೂ ಸುಳಿವು ಸಿಗುತ್ತದೆ. ರೇಮಾ ಹನ್ನಾ ಮತ್ತು ಶಿಂಗ್-ಯಿ ವಾಂಗ್ ಇದನ್ನು ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, ಕಾಲೇಜು ವಿದ್ಯಾರ್ಥಿಗಳೊಂದಿಗೆ. 42 ಸಲ ಉರುಳಿಸಿದರೆ ಸರಾಸರಿ ಮೊತ್ತ 147. ನಿಜ ಹೇಳುವ ನೂರರಲ್ಲಿ ಒಬ್ಬರಿಗಷ್ಟೇ ಬರಬಹುದಾದಷ್ಟು ದೊಡ್ಡ ಮೊತ್ತವನ್ನು ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬರೆದಿದ್ದರು. ಹೆಚ್ಚು ಬರೆದವರಲ್ಲಿ ಸರ್ಕಾರಿ ನೌಕರಿಯ ಬಯಕೆಯೂ ಹೆಚ್ಚಿತ್ತು. ಸರ್ಕಾರಿ ನರ್ಸ್‌ಗಳಿಗೂ ಇದೇ ದಾಳ ಕೊಟ್ಟರು. ಅಲ್ಲಿ ಮೋಸ ಮಾಡಿದವರು ಕೆಲಸಕ್ಕೆ ಸುಳ್ಳು ನೆಪ ಹೇಳಿ ಚಕ್ಕರ್ ಹೊಡೆಯುವುದೂ ಹೆಚ್ಚೆಂದು ಕಂಡುಬಂತು. ಹಾರ್ಟ್‌ಶೋರ್ನ್ ಅವರಿಗೆ ಸಡಿಲವಾಗಿ ಕಂಡ ನಂಟು ಇಲ್ಲಿ ಸ್ವಲ್ಪ ಬಿಗಿಯಾಗಿದೆ. ಹಾಗೆಂದು ಸರ್ಕಾರಿ ಕೆಲಸ ಬಯಸುವವರೆಲ್ಲ ಮೋಸಗಾರರು ಎಂದು ಓದಿಕೊಂಡರೆ ದೊಡ್ಡ ಅನ್ಯಾಯ. ಇದು ಸರಾಸರಿಯ ಒಲವು, ಅಷ್ಟೆ. ಡೆನ್ಮಾರ್ಕ್‌ನಲ್ಲಿ ಇಂಥದ್ದೇ ಪ್ರಯೋಗ ಉಲ್ಟಾ ಉತ್ತರ ಕೊಟ್ಟಿದೆ: ಅಲ್ಲಿ ಸರ್ಕಾರಿ ಸೇವೆ ಬಯಸುವವರು ಹೆಚ್ಚು ಪ್ರಾಮಾಣಿಕರು. ದಾಳವನ್ನು ನೇಮಕಾತಿ ಪರೀಕ್ಷೆಯನ್ನಾಗಿ ಮಾಡುವ ಆಲೋಚನೆಯನ್ನಂತೂ ನಾನು ಖಂಡಿತ ಒಪ್ಪಲಾರೆ.

ದಾಳದಲ್ಲಿ ಸುಳ್ಳು ಯಾವುದೆಂಬ ಬಗ್ಗೆ ತಕರಾರಿಲ್ಲ. ಬದುಕಿನಲ್ಲಿ ಅಷ್ಟು ಸಲೀಸಲ್ಲ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಭಾರತವೂ ಸೇರಿ 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ‘ರಸ್ತೆಯಲ್ಲಿ ಸಿಕ್ಕಿತು’ ಎಂದು ಬ್ಯಾಂಕು, ಹೋಟೆಲು, ಅಂಚೆ ಕಚೇರಿಗಳ ಕೌಂಟರಿನಲ್ಲಿ ಕೊಟ್ಟುಬಂದರು. ಪಾರದರ್ಶಕ ಪರ್ಸಿನಲ್ಲಿ ಬೀಗದ ಕೈ, ದಿನಸಿ ಚೀಟಿ, ಇಮೇಲ್ ವಿಳಾಸವಿದ್ದ ಕಾರ್ಡು, ಕೆಲವದರಲ್ಲಿ ದುಡ್ಡು. ದುಡ್ಡಿದ್ದ ಪರ್ಸಿನ ಬಗ್ಗೆಯೇ 38 ದೇಶಗಳಲ್ಲಿ ಹೆಚ್ಚು ಇಮೇಲ್ ಬಂದದ್ದು ಅರ್ಥಶಾಸ್ತ್ರಜ್ಞರಿಗೇ ಅಚ್ಚರಿ ತಂದಿತು. ಆದರೆ ಪತ್ರಿಕೆಗಳಲ್ಲಿ ಓಡಾಡಿದ್ದು ದೇಶಗಳ ಪಟ್ಟಿ. ಚೀನಾ ಅದರಲ್ಲಿ ತೀರಾ ಕೆಳಗಿತ್ತು.

ಇಮೇಲ್ ಕಳಿಸಿದರೆ ಪ್ರಾಮಾಣಿಕ, ಇಲ್ಲದಿದ್ದರೆ ಅಲ್ಲ ಎಂಬುದು ಸಂಶೋಧಕರು ಮೊದಲೇ ಮಾಡಿಕೊಂಡ ತೀರ್ಮಾನ, ಪ್ರಯೋಗದಿಂದ ಸಿಕ್ಕ ಸತ್ಯವಲ್ಲ. ಚೀನಾದ ಸಂಶೋಧಕರು ಇದೇ ಪ್ರಯೋಗವನ್ನು ಮತ್ತೆ ಮಾಡಿ, ಇಮೇಲ್ ಎಣಿಸುವುದರ ಜೊತೆಗೆ ಕೌಂಟರಿಗೆ ಹೋಗಿ ಪರ್ಸು ಇದೆಯೇ ಎಂದೂ ವಿಚಾರಿಸಿದರು. ಅವರ 2023ರ ವರದಿಯ ಪ್ರಕಾರ ಇಮೇಲ್ ಬಂದದ್ದು ಕಡಿಮೆಯೇ, ಆದರೆ ಮುಕ್ಕಾಲು ಪಾಲಿಗೂ ಹೆಚ್ಚು ಪರ್ಸುಗಳು ಸುರಕ್ಷಿತವಾಗಿ ವಾಪಸು ಸಿಕ್ಕವು. ಕಳೆದುಕೊಂಡವರು ಹುಡುಕಿಕೊಂಡು ಬಂದಾರು ಎಂದು ಎತ್ತಿಟ್ಟವರೇ ಹೆಚ್ಚು. 2019ರ ಅಳತೆಯಲ್ಲಿ ಅಂಥವರಿಗೆ ಜಾಗವೇ ಇರಲಿಲ್ಲ. ಭಾರತದಲ್ಲೂ ಕೌಂಟರಿನವರು ಎತ್ತಿಟ್ಟ ಪರ್ಸುಗಳನ್ನು ಎಣಿಸಿ ನೋಡುವ ತನಕ ಆ ಪಟ್ಟಿಯಲ್ಲಿ ನಮ್ಮ ಸ್ಥಾನ ನೋಡಿ ನಾಚುವುದಕ್ಕಾಗಲಿ ಬೀಗುವುದಕ್ಕಾಗಲಿ ನನಗೆ ಕಾರಣ ಕಾಣುವುದಿಲ್ಲ.