ಪ್ಲಾಸ್ಟಿಕ್ ಹರಳುಗಳ ಒಣಗಿಸುವಿಕೆ ಮತ್ತು ಬೀದಿ ದೀಪದ ಹೊದಿಕೆಯ ಬಾಳಿಕೆ

ಗ್ರಾಮ ಪಂಚಾಯಿತಿಗಳು ಖರೀದಿಸುವ ಸಾಮಗ್ರಿಗಳ ಪೈಕಿ ಎಲ್‌ಇಡಿ ಬೀದಿ ದೀಪದ ಪಾರದರ್ಶಕ ಹೊದಿಕೆ, ನೀರಿನ ಮೀಟರಿನ ಕವಚ, ಸ್ವಿಚ್ ಪೆಟ್ಟಿಗೆ ಮುಂತಾದವು ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕಿದವುಗಳಾಗಿರುತ್ತವೆ. ಇವುಗಳಲ್ಲಿ ಕೆಲವು ಅಳವಡಿಸಿದ ವರ್ಷದೊಳಗೇ ತಿರುಪಿನ ರಂಧ್ರದ ಬಳಿ ಸೀಳುವುದುಂಟು. ಬಿಸಿಲು, ಕಲ್ಲೇಟು ಅಥವಾ ಕಳಪೆ ಕಚ್ಚಾವಸ್ತು ಇದಕ್ಕೆ ಕಾರಣವೆಂದು ಭಾವಿಸಲಾಗುತ್ತದೆ. ಉತ್ತಮ ಕಚ್ಚಾವಸ್ತುವನ್ನು ಬಳಸಿದಾಗಲೂ ಇದೇ ದೋಷವನ್ನುಂಟುಮಾಡುವ ಮತ್ತೊಂದು ಕಾರಣವಿದೆ: ಅಚ್ಚಿಗೆ ಮುನ್ನ ಹರಳುಗಳನ್ನು ಸರಿಯಾಗಿ ಒಣಗಿಸದಿರುವುದು.

ತುಮಕೂರು ರಸ್ತೆಯ ನಾಗಸಂದ್ರ ಹಾಗೂ ಅದಕ್ಕೆ ಸಮೀಪದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಇಂತಹ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳಿವೆ. ಕಚ್ಚಾವಸ್ತುವು ಸಾಮಾನ್ಯವಾಗಿ 25 ಕಿಲೊ ಚೀಲಗಳಲ್ಲಿ, ಸಬ್ಬಕ್ಕಿಯಂತಹ ಹರಳುಗಳ ರೂಪದಲ್ಲಿ ಬರುತ್ತದೆ. ದೀಪದ ಹೊದಿಕೆಗೆ ಬಳಸುವ ಪಾಲಿಕಾರ್ಬೊನೇಟ್ ನೋಡಲು ಗಾಜಿನಂತಿದ್ದರೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅಚ್ಚು ಹಾಕುವಾಗ ಅದರಲ್ಲಿ ಶೇ. 0.02ಕ್ಕಿಂತ ಹೆಚ್ಚು ತೇವವಿರಬಾರದು. ಅಂದರೆ ಒಂದು ಚೀಲಕ್ಕೆ 5 ಗ್ರಾಂ, ಸುಮಾರು ಒಂದು ಚಹಾ ಚಮಚ ನೀರು. ತೆರೆದಿಟ್ಟ ಚೀಲದಲ್ಲಿ ಇದರ ಹಲವು ಪಟ್ಟು ನೀರು ಸೇರಿರುತ್ತದೆ. ಮುಟ್ಟಿ ನೋಡಿದರೆ ಹರಳು ಒಣಗಿದಂತೆಯೇ ಇರುತ್ತದೆ.

ಯಂತ್ರದ ಕೊಳವೆಯಲ್ಲಿ ಪಾಲಿಕಾರ್ಬೊನೇಟ್ ಸುಮಾರು 280ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತಿರುವಾಗ ಈ ನೀರು ಎರಡು ಬಗೆಯ ಹಾನಿ ಮಾಡುತ್ತದೆ. ಮೊದಲನೆಯದು, ಆವಿಯಾಗಿ ಅಚ್ಚಿನೊಳಗೆ ನುಗ್ಗಿ ಮೇಲ್ಮೈಯಲ್ಲಿ ಬೆಳ್ಳಿಯ ಬಣ್ಣದ ಗೆರೆಗಳನ್ನೂ ಗುಳ್ಳೆಗಳನ್ನೂ ಬಿಡುತ್ತದೆ. ಇದು ಕಣ್ಣಿಗೆ ಕಾಣುವುದರಿಂದ ಅಂತಹ ವಸ್ತುವನ್ನು ತಿರಸ್ಕರಿಸುವುದು ಸುಲಭ. ಎರಡನೆಯದು ಹೆಚ್ಚು ಅಪಾಯಕಾರಿ. ಪ್ಲಾಸ್ಟಿಕ್ಕಿನ ಬಲವಿರುವುದು ಅದರ ಉದ್ದನೆಯ ಅಣು ಸರಪಳಿಗಳಲ್ಲಿ. ಬಿಸಿ ನೀರು ಆ ಸರಪಳಿಗಳನ್ನೇ ಅಲ್ಲಲ್ಲಿ ತುಂಡರಿಸುತ್ತದೆ. ಗೆರೆಯೊಂದೂ ಕಾಣದಿದ್ದರೂ ವಸ್ತು ಪೆಡಸಾಗಿರಬಹುದು. ತುಂಡಾದ ಸರಪಳಿಯನ್ನು ಆಮೇಲೆ ಎಷ್ಟು ಒಣಗಿಸಿದರೂ ಕೂಡಿಸಲಾಗದು. ನೈಲಾನ್ ಮತ್ತು ಪೆಟ್ ಪ್ಲಾಸ್ಟಿಕ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. ಎಬಿಎಸ್‌ನಲ್ಲಿ ಹಾನಿ ಬಹುಮಟ್ಟಿಗೆ ಮೇಲ್ಮೈಗೆ ಸೀಮಿತ. ಕಸದ ಬುಟ್ಟಿಯ ಪಾಲಿಪ್ರೊಪಿಲೀನ್ ಮತ್ತು ಎಚ್‌ಡಿಪಿಇ ತೇವವನ್ನು ಹೀರುವುದೇ ಇಲ್ಲವೆನ್ನಬಹುದು. ಆದರೆ ಕಪ್ಪು ಎಚ್‌ಡಿಪಿಇ ಕೊಳವೆಯಲ್ಲಿ ಬೆರೆಸುವ ಇಂಗಾಲದ ಪುಡಿ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿಯೂ ಒಣಗಿಸುವುದು ಒಳಿತು.

ಪಾಲಿಕಾರ್ಬೊನೇಟನ್ನು ಸುಮಾರು 120 ಡಿಗ್ರಿಯಲ್ಲಿ 3ರಿಂದ 4 ಗಂಟೆ ಒಣಗಿಸಬೇಕು. ಸಾಧಾರಣ ಬಿಸಿಗಾಳಿ ಡ್ರೈಯರ್ ಹೊರಗಿನ ಗಾಳಿಯನ್ನೇ ಕಾಯಿಸಿ ಊದುತ್ತದೆ. ಮಳೆಗಾಲದಲ್ಲಿ ಆ ಗಾಳಿಯೇ ತೇವದಿಂದ ಕೂಡಿರುವುದರಿಂದ ಅದರ ಸಾಮರ್ಥ್ಯ ಕುಗ್ಗುತ್ತದೆ. ಮೊದಲು ಗಾಳಿಯ ತೇವವನ್ನು ತೆಗೆದು ಬಳಿಕ ಊದುವ ಯಂತ್ರಕ್ಕೆ ಬೆಲೆ ಹೆಚ್ಚು. ವಿದ್ಯುತ್ ಕಡಿತದಿಂದ ಒಣಗಿಸುವಿಕೆ ಅರ್ಧಕ್ಕೆ ನಿಂತರೆ, ಅಥವಾ ಒಣಗಿದ ಹರಳು ತೆರೆದ ಹಾಪರ್‌ನಲ್ಲಿ ಉಳಿದರೆ, ತೇವ ಮರಳಿ ಸೇರುತ್ತದೆ. ಇಷ್ಟಾದರೂ ಉತ್ಪಾದನೆ ನಿಲ್ಲಿಸುವ ಧೈರ್ಯ ಎಲ್ಲ ಘಟಕಗಳಿಗೂ ಇರುವುದಿಲ್ಲ; ಸರಬರಾಜಿನ ಗಡುವು ಅವರ ಬೆನ್ನ ಹಿಂದೆಯೇ ಇರುತ್ತದೆ.

ಖರೀದಿಯ ವೇಳೆ ಸರಬರಾಜುದಾರರು ಹಾಜರುಪಡಿಸುವ ಪರೀಕ್ಷಾ ಪ್ರಮಾಣಪತ್ರದ ಕುರಿತು ಸದಸ್ಯರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ದೀಪದ ಮೇಲೆ ನಮೂದಾಗುವ 'ಐಕೆ 08' ಎಂಬುದು 5 ಜೌಲ್ ಹೊಡೆತವನ್ನು ತಾಳಿಕೊಂಡಿದೆ ಎಂಬುದರ ಸೂಚನೆ. ಅದು ಸಾಮಾನ್ಯವಾಗಿ ಆ ವಿನ್ಯಾಸದ ಮಾದರಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ. ಮಳೆಯ ರಾತ್ರಿಯೊಂದರಲ್ಲಿ ಅವಸರವಾಗಿ ಅಚ್ಚಾದ ಕಂತಿನ ಬಗ್ಗೆ ಆ ಪತ್ರ ಏನನ್ನೂ ಹೇಳದು. ಆದ್ದರಿಂದ ಹೊದಿಕೆಯ ಮೇಲೆ ಕಂತಿನ ಸಂಖ್ಯೆ ಮತ್ತು ತಯಾರಿಕೆಯ ತಿಂಗಳು ಇರಬೇಕೆಂದು, ಸರಬರಾಜಾದ ಕಂತಿನಿಂದಲೇ ಮಾದರಿಯನ್ನು ಆರಿಸಿ ಪರೀಕ್ಷಿಸುವ ಹಕ್ಕು ಪಂಚಾಯಿತಿಗೆ ಇರುತ್ತದೆಂದು ಖರೀದಿ ಷರತ್ತಿನಲ್ಲಿ ಸೇರಿಸುವುದು ಸೂಕ್ತ.

ದೊಡ್ಡ ಖರೀದಿಯಾದರೆ ಕರಗಿದ ಪ್ಲಾಸ್ಟಿಕ್ಕಿನ ಹರಿವಿನ ಪರೀಕ್ಷೆಯನ್ನು ಮೈಸೂರಿನ ಸಿಪೆಟ್‌ನಂತಹ ಸಂಸ್ಥೆಯಲ್ಲಿ ಮಾಡಿಸಬಹುದು. ಮೂಲ ಹರಳಿಗಿಂತ ಹೊದಿಕೆಯ ತುಣುಕು ಕರಗಿದಾಗ ಬಹಳ ಸಲೀಸಾಗಿ ಹರಿದರೆ ಸರಪಳಿಗಳು ತುಂಡಾಗಿವೆ ಎಂದರ್ಥ. ಹತ್ತಿಪ್ಪತ್ತು ದೀಪಗಳಿಗೆ ಈ ವೆಚ್ಚ ಅನಗತ್ಯ. ಅಂತಹ ಸಂದರ್ಭದಲ್ಲಿ ಒಂದು ಹೊದಿಕೆಯನ್ನು ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ರಕ್ಷಣೆ ಧರಿಸಿ, ಸುತ್ತಿಗೆಯಿಂದ ಹೊಡೆದು ನೋಡಬಹುದು. ಆರೋಗ್ಯವಂತ ಪಾಲಿಕಾರ್ಬೊನೇಟ್ ಸಾಮಾನ್ಯವಾಗಿ ತಗ್ಗುತ್ತದೆ, ಬಾಗುತ್ತದೆ. ಗಾಜಿನಂತೆ ಚೂರಾದರೆ ಆ ಕಂತಿನ ಬಿಲ್ ಪಾವತಿಸುವ ಮುನ್ನ ಸರಬರಾಜುದಾರರಿಂದ ಲಿಖಿತ ವಿವರಣೆ ಪಡೆಯತಕ್ಕದ್ದು.