ನುಣುಪು ಗಾಲಿಯ ಮೇಲೆ ಗುಮಾನಿ

ವೇಲ್ಸ್‌ನ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯ ಯಜಮಾನ ಸ್ಯಾಮ್ಯುಯೆಲ್ ಹಾಮ್‌ಫ್ರೇ ನೆರೆಯ ಕಾರ್ಖಾನೆಯ ಒಡೆಯನೊಂದಿಗೆ 500 ಗಿನಿಗಳ ಪಣ ಕಟ್ಟಿದ್ದ. ಕುದುರೆಯನ್ನು ಮುಟ್ಟದೆ, ಬರೀ ಉಗಿಯ ಬಲದಿಂದ 10 ಟನ್ ಕಬ್ಬಿಣವನ್ನು ಒಂಬತ್ತು ಮೈಲಿಗೂ ಆಚೆಯ ಅಬರ್‌ಕನನ್‌ಗೆ ಮುಟ್ಟಿಸುತ್ತೇನೆ ಎಂಬುದು ಅವನ ಮಾತು. ಆ ಮಾತನ್ನು ಉಳಿಸಿಕೊಡಬೇಕಾದವನು ರಿಚರ್ಡ್ ಟ್ರೆವಿಥಿಕ್. ಕಾರ್ನ್‌ವಾಲ್‌ನ ಗಣಿಸೀಮೆಯವ, ಆರಡಿ ದಾಟಿದ ಆಳು, ಕುಸ್ತಿಯಲ್ಲಿ ಎತ್ತಿದ ಕೈ. 1801ರ ಕ್ರಿಸ್‌ಮಸ್ ಮುನ್ನಾದಿನ ಅವನು ತನ್ನ ಊರು ಕ್ಯಾಂಬೋರ್ನ್‌ನ ದಿಬ್ಬದ ಮೇಲೆ ಉಗಿಬಂಡಿ ಹತ್ತಿಸಿ ಜನರ ಬಾಯಿ ಮುಚ್ಚಿಸಿದ್ದ. ಆ ಬಂಡಿಯ ಆಯುಸ್ಸು ಮಾತ್ರ ನಾಲ್ಕೇ ದಿನದ್ದು. ದಾರಿಯಲ್ಲಿ ಕೆಟ್ಟು ನಿಂತಾಗ ಅದನ್ನು ಪಕ್ಕಕ್ಕೆ ತಳ್ಳಿ, ಬೆಂಕಿ ಆರಿಸುವುದನ್ನು ಮರೆತು ಎಲ್ಲರೂ ಹೋಟೆಲಿನಲ್ಲಿ ಹುರಿದ ಹೆಬ್ಬಾತು ತಿನ್ನುತ್ತ ಕುಳಿತರು. ಬಾಯ್ಲರಿನ ನೀರು ಬತ್ತಿತು, ಬಂಡಿ ಸುಟ್ಟು ಬೂದಿಯಾಯಿತು.

ಪೆನಿಡ್ಯಾರನ್‌ನಲ್ಲಿ ಅಂಥದ್ದು ನಡೆಯಲಿಲ್ಲ. 1804ರ ಫೆಬ್ರವರಿ 21ರಂದು ಎಂಜಿನ್ ಐದು ಬಂಡಿಗಳಲ್ಲಿ 10 ಟನ್ ಕಬ್ಬಿಣವನ್ನೂ ಅದರ ಮೇಲೆ ಹತ್ತಿ ಕುಳಿತ 70 ಮಂದಿಯನ್ನೂ ಎಳೆದು ಹೊರಟಿತು. ಅಡ್ಡ ಬಂದ ಮರಗಳನ್ನು ಕಡಿದರು, ಬಂಡೆಗಳನ್ನು ಉರುಳಿಸಿದರು. 4 ಗಂಟೆ 5 ನಿಮಿಷಗಳಲ್ಲಿ ಅಬರ್‌ಕನನ್ ಸಿಕ್ಕಿತು. ವಾಪಸು ಬರುವಾಗ ಒಂದು ಸಣ್ಣ ಬೋಲ್ಟು ಮುರಿದು ನೀರೆಲ್ಲ ಸೋರಿಹೋಯಿತು, ಅದು ಬೇರೆ ಮಾತು. ನುಣುಪಾದ ಕಬ್ಬಿಣದ ಗಾಲಿ ನುಣುಪಾದ ಕಬ್ಬಿಣದ ಹಳಿಯ ಮೇಲೆ ಎಲ್ಲಿಯೂ ಜಾರದೆ ಓಡಿತ್ತು.

ಆದರೆ ಜನರ ನೆನಪಿನಲ್ಲಿ ಉಳಿದದ್ದು ಅದಲ್ಲ. ಕುದುರೆಗಾಡಿಗೆಂದು ಎರಕ ಹೊಯ್ದು ಹಾಸಿದ್ದ ತೆಳು ಹಳಿಗಳು ಐದು ಟನ್ನಿನ ಎಂಜಿನ್ನಿನ ಕೆಳಗೆ ಪಟಪಟನೆ ಮುರಿದವು. ಕೆಲವು ಓಟಗಳಾದ ಮೇಲೆ ಎಂಜಿನ್ನನ್ನು ಹಳಿಯಿಂದ ಇಳಿಸಿ ಒಂದೆಡೆ ನಿಲ್ಲಿಸಿ ದುಡಿಸಿಕೊಂಡರು. ಟ್ರೆವಿಥಿಕ್ ಹಟ ಬಿಡಲಿಲ್ಲ. 1808ರಲ್ಲಿ ಲಂಡನ್ನಿನಲ್ಲಿ ಬೇಲಿ ಕಟ್ಟಿ, ಒಳಗೆ ಚಕ್ರಾಕಾರದ ಹಳಿ ಹಾಸಿ, ತಲೆಗೆ ಒಂದು ಶಿಲ್ಲಿಂಗ್ ಟಿಕೆಟ್ ಇಟ್ಟು ಹೊಸ ಎಂಜಿನ್ನನ್ನು ಸುತ್ತಿಸಿದ. ಅಲ್ಲಿಯೂ ಹಳಿಯೇ ಮುರಿಯಿತು. ಕೈಯಲ್ಲಿದ್ದ ಹಣ ಮುಗಿದಿತ್ತು. ರೈಲು ಎಂಜಿನ್ನಿನ ಸಹವಾಸವೇ ಬೇಡವೆಂದು ಅವನು ಬೇರೆ ಕಸುಬುಗಳತ್ತ ತಿರುಗಿದ.

ಅವನು ಬಿಟ್ಟುಹೋದ ಜಾಗದಲ್ಲಿ ಒಂದು ಗುಮಾನಿ ಬೆಳೆಯಿತು. ನುಣುಪಿನ ಮೇಲೆ ನುಣುಪು ಇಟ್ಟರೆ ಜಾರದೆ ಇನ್ನೇನು? ಎಂಜಿನ್ ಹಗುರವಾಗಿದ್ದರೆ ಗಾಲಿ ನಿಂತಲ್ಲೇ ಗಿರಗಿರನೆ ತಿರುಗುತ್ತದೆ, ಭಾರವಾಗಿದ್ದರೆ ಹಳಿ ಮುರಿಯುತ್ತದೆ. ಈ ಇಕ್ಕಟ್ಟಿನಲ್ಲಿ ಎಲ್ಲರೂ ಬೈದದ್ದು ಗಾಲಿಯನ್ನು. ತಮಾಷೆಯೆಂದರೆ, ಟ್ರೆವಿಥಿಕ್ ಈ ಅನುಮಾನವನ್ನು ಮೊದಲೇ ತೀರಿಸಿಕೊಂಡಿದ್ದ. ಅವನ ಗೆಳೆಯ ಡೇವೀಸ್ ಗಿಲ್ಬರ್ಟ್ ಹೇಳಿರುವಂತೆ, ಇಬ್ಬರೂ ಸೇರಿ ಒಂಟಿಕುದುರೆಯ ಗಾಡಿಯೊಂದರ ಕುದುರೆ ಬಿಚ್ಚಿ, ಏರುದಾರಿಯಲ್ಲಿ ಗಾಲಿಗಳನ್ನು ಕೈಯಿಂದಲೇ ತಿರುಗಿಸಿ ನೋಡಿದ್ದರು. ಗಾಲಿ ಜಾರಲಿಲ್ಲ, ಗಾಡಿ ಮೇಲೇರಿತು. ಆ ಸಂಗತಿ ಕಾರ್ನ್‌ವಾಲ್ ದಾಟಿ ಬಹಳ ದೂರ ಹೋಗಲಿಲ್ಲ.

ಅಷ್ಟರಲ್ಲಿ ನೆಪೋಲಿಯನ್ನನ ಯುದ್ಧಗಳು ಹುಲ್ಲು, ಕಾಳು, ಕುದುರೆ ಎಲ್ಲದರ ಬೆಲೆ ಏರಿಸಿದ್ದವು. ಕಲ್ಲಿದ್ದಲಿನ ಗಣಿಯವರಿಗೆ ಉಗಿಯ ನೆನಪು ಮತ್ತೆ ಬಂತು. ಲೀಡ್ಸ್‌ನ ಮಿಡಲ್‌ಟನ್ ಗಣಿಯ ಜಾನ್ ಬ್ಲೆಂಕಿನ್‌ಸಾಪ್ ಹಳಿಯ ಬದಿಗೆ ಹಲ್ಲುಗಳನ್ನು ಎರಕ ಹೊಯ್ಸಿ 1811ರಲ್ಲಿ ಪೇಟೆಂಟ್ ಪಡೆದ. ಮ್ಯಾಥ್ಯೂ ಮರ್ರೆ ಕಟ್ಟಿಕೊಟ್ಟ ಎಂಜಿನ್ನಿಗೆ ಒಂದು ಪಕ್ಕದಲ್ಲಿ ಹಲ್ಲುಚಕ್ರ. 1812ರಿಂದ ಅದು ಹಲ್ಲಿಗೆ ಹಲ್ಲು ಕಚ್ಚುತ್ತ ನಿಜವಾಗಿಯೂ ಕಲ್ಲಿದ್ದಲು ಸಾಗಿಸಿತು. ಹಗುರವಾದ ಎಂಜಿನ್, ಮುರಿಯದ ಹಳಿ. ಬ್ಲೆಂಕಿನ್‌ಸಾಪ್‌ನ ಲೆಕ್ಕ ದಡ್ಡತನದ್ದೇನೂ ಅಲ್ಲ. ವಿಲಿಯಂ ಚಾಪ್‌ಮನ್ ದಾರಿಯುದ್ದಕ್ಕೂ ಸರಪಣಿ ಹಾಸಿ, ಎಂಜಿನ್ ಅದನ್ನು ಹಿಡಿದುಕೊಂಡು ತನ್ನನ್ನು ತಾನೇ ಎಳೆದುಕೊಳ್ಳಲಿ ಎಂದ. ವಿಲಿಯಂ ಬ್ರಂಟನ್ ಇನ್ನೂ ಮುಂದೆ ಹೋಗಿ ಎಂಜಿನ್ನಿಗೆ ಎರಡು ಕಬ್ಬಿಣದ ಕಾಲುಗಳನ್ನೇ ಇಟ್ಟ. ಅವು ಹಿಂದಿನಿಂದ ನೆಲವನ್ನು ಒದೆಯುತ್ತ ಯಂತ್ರವನ್ನು ಮುಂದೆ ನೂಕುತ್ತಿದ್ದವು, ನಡಿಗೆಯ ವೇಗದಲ್ಲಿ. ಈ ಕಾಲುಳ್ಳ ಬಂಡಿಯ ಕತೆ ನಗುವಿನಲ್ಲಿ ಮುಗಿಯಲಿಲ್ಲ. 1815ರಲ್ಲಿ ಡರ್‌ಹ್ಯಾಮ್ ಸೀಮೆಯ ಗಣಿಯೊಂದರಲ್ಲಿ ಅಂಥ ಎಂಜಿನ್ನಿನ ಬಾಯ್ಲರ್ ಸಿಡಿದು, ನೋಡಲು ನೆರೆದಿದ್ದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು.

ಟೈನ್ ನದಿಯ ದಂಡೆಯ ವೈಲಮ್‌ನಲ್ಲಿ ಗಣಿಯ ಒಡೆಯ ಕ್ರಿಸ್ಟೋಫರ್ ಬ್ಲ್ಯಾಕೆಟ್‌ಗೂ ಅದೇ ಚಿಂತೆ. ಗಣಿಯಿಂದ ಲೆಮಿಂಗ್ಟನ್‌ನ ದೋಣಿಕಟ್ಟೆಗೆ ಐದು ಮೈಲಿ, ಅಷ್ಟೂ ದೂರ ಕುದುರೆಗಳದ್ದೇ ದುಡಿಮೆ. ಹಿಂದೊಮ್ಮೆ ಅವನು ಟ್ರೆವಿಥಿಕ್‌ನ ಮಾದರಿಯ ಎಂಜಿನ್ ಮಾಡಿಸಿದ್ದ. ಆಗಿದ್ದ ಮರದ ಹಳಿಗೆ ಅದು ಭಾರವೆಂದು ಕೈಬಿಟ್ಟಿದ್ದ. ಆಮೇಲೆ ಎರಕದ ಕಬ್ಬಿಣದ ಹಳಿ ಹಾಸಿಸಿ ಮತ್ತೆ ಟ್ರೆವಿಥಿಕ್‌ಗೆ ಹೇಳಿಕಳಿಸಿದರೆ, ಆ ಕಸುಬು ಬಿಟ್ಟೆ ಎಂಬ ಉತ್ತರ ಬಂತು. ಹಲ್ಲುಹಳಿಗೆ ಬದಲಾಯಿಸೋಣವೆಂದರೆ ಐದು ಮೈಲಿ ಹಳಿಯನ್ನೂ ಕಿತ್ತು ಹೊಸದಾಗಿ ಹಾಸಬೇಕು. ಆ ಖರ್ಚಿನ ಮುಂದೆ ನಿಂತಾಗಲೇ ಬ್ಲ್ಯಾಕೆಟ್ ತನ್ನ ಗಣಿಯ ಮೇಲ್ವಿಚಾರಕ ವಿಲಿಯಂ ಹೆಡ್ಲಿಯನ್ನು ಕರೆದ. ಹಲ್ಲು ನಿಜವಾಗಿಯೂ ಬೇಕೇ ಎಂದು ಮೊದಲು ತಿಳಿಯಬೇಕಿತ್ತು.

ಹೆಡ್ಲಿಗೆ ಆಗ ಮೂವತ್ತಮೂರರ ಪ್ರಾಯ. 1812ರ ಅಕ್ಟೋಬರಿನಲ್ಲಿ ಅವನು ಮಾಡಿಸಿದ್ದು ಎಂಜಿನ್ ಅಲ್ಲ, ಬಾಯ್ಲರೂ ಸಿಲಿಂಡರೂ ಇಲ್ಲದ ಬೋಳು ಬಂಡಿ. ಗಾಲಿಗಳನ್ನು ತಿರುಗಿಸಲು ನಾಲ್ಕು ಹಿಡಿಗಳು, ಒಂದೊಂದಕ್ಕೂ ಆಳುಗಳು. ಈ ಬಂಡಿಯ ಜಾಣತನ ಒಂದು ಸಣ್ಣ ವಿವರದಲ್ಲಿತ್ತು. ಹಿಡಿ ತಿರುಗಿಸುವವರು ನೆಲದ ಮೇಲೆ ನಿಂತರೆ ಅವರ ಕಾಲುಗಳೂ ಬಂಡಿಯನ್ನು ತಳ್ಳುತ್ತವೆ, ಪರೀಕ್ಷೆ ಕೆಡುತ್ತದೆ. ಅದಕ್ಕೆಂದೇ ಹೆಡ್ಲಿ ಪ್ರತಿ ಹಿಡಿಯ ಬಳಿ ಬಂಡಿಯಿಂದಲೇ ಒಂದೊಂದು ಹಲಗೆ ತೂಗುಹಾಕಿಸಿ, ಆಳುಗಳನ್ನು ಅದರ ಮೇಲೆ ನಿಲ್ಲಿಸಿದ. ಈಗ ಬಂಡಿಯನ್ನು ನೆಲಕ್ಕೆ ಹಿಡಿದಿದ್ದದ್ದು ಗಾಲಿ ಹಳಿಗೆ ತಾಗುವ ಜಾಗವೊಂದೇ.

ತೂಕ ಮಾಡಿಟ್ಟ ಕಬ್ಬಿಣದ ತುಂಡುಗಳನ್ನು ಬಂಡಿಗೆ ಹೇರಿದರು. ಹಿಂದೆ ಕಲ್ಲಿದ್ದಲು ತುಂಬಿದ ಗಾಡಿ ಕಟ್ಟಿದರು. ಆಳುಗಳು ಬೆವರಿಳಿಸಿ ಹಿಡಿ ತಿರುಗಿಸಿದರು, ಬಂಡಿ ಹೊರಟಿತು. ಇನ್ನೊಂದು ಕಟ್ಟಿದರು, ಮತ್ತೊಂದು ಕಟ್ಟಿದರು. ಗಾಡಿ ಕೂಡಿಸುತ್ತ ಹೋದಂತೆ ಎಲ್ಲೋ ಒಂದು ಕಡೆ ಗಾಲಿ ಜಾರತೊಡಗುತ್ತಿತ್ತು. ಹೆಡ್ಲಿ ಅದನ್ನು ಗುರುತು ಹಾಕಿಕೊಳ್ಳುತ್ತಿದ್ದ. ಬಂಡಿಗೆ ಇನ್ನಷ್ಟು ಕಬ್ಬಿಣ ಹೇರಿಸಿ ಮತ್ತೆ ಮೊದಲಿನಿಂದ. ಭಾರ ಏರಿದಂತೆ ಜಾರುವ ಗೆರೆಯೂ ದೂರ ಸರಿಯಿತು. ಅಳತೆಗಳೆಲ್ಲ ಒಂದೇ ಮಾತು ಹೇಳಿದವು. ಎಂಜಿನ್ನಿನ ಸ್ವಂತ ತೂಕವೇ ಸಾಕು. ಹಲ್ಲು, ಸರಪಣಿ, ಕಾಲು ಯಾವುದೂ ಬೇಡ. 1813ರ ಮಾರ್ಚಿನಲ್ಲಿ ಹೆಡ್ಲಿ ಪೇಟೆಂಟ್ ತೆಗೆದುಕೊಂಡ.

ಕತೆ ಇಲ್ಲಿಗೇ ಮುಗಿದಿದ್ದರೆ ಸಲೀಸಾಗಿತ್ತು. ಅದೇ ಬಂಡಿಯ ಮೇಲೆ ಒಂಟಿ ಸಿಲಿಂಡರಿನ ಎಂಜಿನ್ ಕೂರಿಸಿದಾಗ ಅದು ಏದುಸಿರು ಬಿಟ್ಟಿತೇ ಹೊರತು ಸರಿಯಾಗಿ ಓಡಲಿಲ್ಲ. ಉಗಿಯೇ ಸಾಲದು. ಕಮ್ಮಾರ ತಿಮೋತಿ ಹ್ಯಾಕ್‌ವರ್ತ್, ಎಂಜಿನ್ ಕೆಲಸದ ಜೋನಥನ್ ಫಾರ್ಸ್ಟರ್ ಇಬ್ಬರನ್ನೂ ಜೊತೆಗಿಟ್ಟುಕೊಂಡು ಹೆಡ್ಲಿ ಇನ್ನೊಂದು ಕಟ್ಟಿದ. ಈ ಸಲ ಬೆಂಕಿಯ ಕೊಳವೆ ಬಾಯ್ಲರಿನೊಳಗೆ ಹೋಗಿ ತಿರುಗಿ ಬಂದು ಹೊಗೆಕೊಳವೆ ಸೇರುತ್ತಿತ್ತು. ಬಿಸಿ ಎರಡು ಪಟ್ಟು ದೂರ ನೀರಿನ ನಡುವೆ ಹಾಯ್ದು ಉಗಿ ಯಥೇಚ್ಛವಾಗಿ ಬಂತು. ಎಂಟು ಗಾಡಿಗಳನ್ನು ಎಳೆದು ಗಂಟೆಗೆ ನಾಲ್ಕೈದು ಮೈಲಿ ನಡೆಯುವ ಎಂಜಿನ್ ಸಿದ್ಧವಾಯಿತು. ಹೀಗೆ ಹುಟ್ಟಿದ್ದೇ ‘ಪಫಿಂಗ್ ಬಿಲ್ಲಿ’ ಮತ್ತು ಅದರ ಜೊತೆಯ ‘ವೈಲಮ್ ಡಿಲ್ಲಿ’.

ಗಾಲಿ ಗೆದ್ದಿತು, ಹಳಿ ಮತ್ತೆ ಸೋತಿತು. ಎಂಟು ಟನ್ನಿನ ಆಸುಪಾಸಿನ ಎಂಜಿನ್ನಿನ ಕೆಳಗೆ ಎರಕದ ಹಳಿಗಳು ಮುರಿಯುತ್ತಲೇ ಹೋದವು. ಹೆಡ್ಲಿ ನಾಲ್ಕು ಗಾಲಿಗಳ ಜಾಗದಲ್ಲಿ ಎಂಟು ಹಾಕಿಸಿ ಭಾರವನ್ನು ಹಂಚಿದ. ಗಟ್ಟಿ ಹಳಿ ಬಂದ ಮೇಲೆ ಮತ್ತೆ ನಾಲ್ಕಕ್ಕೆ ಇಳಿಸಿದರು. 1822ರಲ್ಲಿ ಟೈನ್ ನದಿಯ ದೋಣಿಯವರು ಮುಷ್ಕರ ಹೂಡಿದಾಗ ಅವನು ‘ವೈಲಮ್ ಡಿಲ್ಲಿ’ಯನ್ನು ದೋಣಿಯೊಂದಕ್ಕೆ ಹತ್ತಿಸಿ, ಅದರಿಂದಲೇ ಕಲ್ಲಿದ್ದಲಿನ ದೋಣಿಗಳನ್ನು ಎಳೆಸಿದ. ಹಟಕ್ಕೆ ಬಿದ್ದ ಮನುಷ್ಯ! ‘ಪಫಿಂಗ್ ಬಿಲ್ಲಿ’ 1862ರವರೆಗೆ ದುಡಿಯಿತು. ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ರೈಲು ಎಂಜಿನ್ ಕಟ್ಟಿದವನೆಂಬ ಹೆಸರು ಮಾತ್ರ ಹೆಚ್ಚಾಗಿ ಸಂದದ್ದು ಅದೇ ವೈಲಮ್‌ನಲ್ಲಿ ಹುಟ್ಟಿದ ಜಾರ್ಜ್ ಸ್ಟೀಫನ್‌ಸನ್‌ಗೆ. ಟ್ರೆವಿಥಿಕ್ 1833ರಲ್ಲಿ ಕಾಸಿಲ್ಲದೆ ಸತ್ತಾಗ ಅಂತ್ಯಕ್ರಿಯೆಯ ಖರ್ಚು ಹಾಕಿದವರು ಜೊತೆಗೆ ದುಡಿಯುತ್ತಿದ್ದ ಕೆಲಸಗಾರರು.

ಗುಮಾನಿಗೆ ಗುರಿಯಾದದ್ದು ಗಾಲಿ, ತಪ್ಪಿತಸ್ಥ ಅದರ ಕೆಳಗಿದ್ದ ಹಳಿ. ಎರಕದ ಕಬ್ಬಿಣ ಒತ್ತಡ ತಡೆಯುತ್ತದೆ, ಬಾಗಿಸಿದರೆ ಮುರಿಯುತ್ತದೆ. 1820ರಲ್ಲಿ ಬೆಡ್ಲಿಂಗ್ಟನ್‌ನ ಜಾನ್ ಬರ್ಕಿನ್‌ಶಾ ಕಾದ ಮೆದುಕಬ್ಬಿಣವನ್ನು ಉರುಳೆಗಳ ನಡುವೆ ಹಾಯಿಸಿ ಉದ್ದುದ್ದ ಹಳಿ ತೆಗೆದ ಮೇಲೆ ಆ ಇಕ್ಕಟ್ಟು ಸಡಿಲವಾಯಿತು.

ಹಿಡಿತದ ಗುಟ್ಟು ಇಷ್ಟೇ. ಉರುಳುವ ಗಾಲಿಯ ತಳ ಹಳಿಗೆ ತಾಗಿದ ಆ ಕ್ಷಣ ಹಳಿಯ ಮೇಲೆ ನಿಂತೇ ಇರುತ್ತದೆ, ಉಜ್ಜಿಕೊಂಡು ಹೋಗುವುದಿಲ್ಲ. ಕಣ್ಣಿಗೆ ನುಣುಪಾಗಿ ಕಂಡರೂ ಎರಡು ಲೋಹಗಳು ತಾಗುವುದು ಸೂಕ್ಷ್ಮವಾದ ಉಬ್ಬುಗಳಲ್ಲಿ. ಭಾರ ಹೆಚ್ಚಿದಷ್ಟೂ ಅವು ಒತ್ತಿ, ತಾಗುವ ಜಾಗ ಬೆಳೆದು ಹಿಡಿತ ಬಿಗಿಯಾಗುತ್ತದೆ. ಒಣ ಹಳಿಯ ಮೇಲೆ ಅದು ಗಾಲಿಯ ಮೇಲಿನ ಭಾರದ ಐದನೇ ಒಂದು ಪಾಲಿಗೂ ಮೀರುತ್ತದೆ. ಅಂದಿನ ಹಳಿಯಲ್ಲೂ ಸಮತಟ್ಟಿನಲ್ಲಿ ಉರುಳುವ ಗಾಡಿಯನ್ನು ಎಳೆಯಲು ಬೇಕಾದದ್ದು ಅದರ ಭಾರದ ಒಂದು ಸಣ್ಣ ಪಾಲು ಮಾತ್ರ. ಇಂದಿನ ಉಕ್ಕಿನ ಹಳಿಯಲ್ಲಿ ಅದಕ್ಕಿಂತಲೂ ಎಷ್ಟೋ ಕಡಿಮೆ. ಹೀಗಾಗಿ ಎಂಜಿನ್ ತನ್ನ ತೂಕದ ಹಲವು ಪಟ್ಟನ್ನು ಎಳೆದೊಯ್ಯುತ್ತದೆ. ಏರು ಕಡಿದಾದಾಗ ಮಾತ್ರ ಈ ಲೆಕ್ಕ ಬಿಗಿಯಾಗುತ್ತದೆ. ಸಕಲೇಶಪುರ ಘಾಟಿಯಲ್ಲಿ ಐವತ್ತಕ್ಕೆ ಒಂದರ ಏರನ್ನು ರೈಲುಗಳು ನುಣುಪು ಗಾಲಿಯಲ್ಲೇ, ಹಿಂದಿನಿಂದ ತಳ್ಳುವ ಎಂಜಿನ್ನುಗಳ ನೆರವಿನಿಂದ ಹತ್ತುತ್ತವೆ. ಊಟಿಯ ದಾರಿಯಲ್ಲಿ ಕಲ್ಲಾರ್‌ನಿಂದ ಕೂನೂರಿನವರೆಗೆ ಏರು ಸುಮಾರು ಹನ್ನೆರಡಕ್ಕೆ ಒಂದು. ಅಲ್ಲಿ 1899ರಿಂದ ಇಂದಿನವರೆಗೂ ಪುಟ್ಟ ರೈಲು ಹತ್ತುವುದು ಬ್ಲೆಂಕಿನ್‌ಸಾಪ್‌ನಂತೆ, ಹಲ್ಲಿಗೆ ಹಲ್ಲು ಕಚ್ಚಿಕೊಂಡು.